ಕಂಬಿ ಒಂದೇ, ರೇಟು ಮೂರು

ಅಕ್ಕಂದಿರೇ, ಅತ್ತೆಮ್ಮಂದಿರೇ, ಈ ಸಲ ಸಾರು-ಮುದ್ದೆ ವಿಚಾರ ವಸಿ ಪಕ್ಕಕ್ಕೆ ಮಡಗಿ, ರೈಲು ಟಿಕೆಟ್ಟಿನ ವಿಚಾರ ಮಾತಾಡವ. ಬೆಂಗಳೂರು–ಹಾಸನ ಲೈನು 2017ರಲ್ಲಿ ಪೂರ್ತಿ ಆಯ್ತು, ನಮ್ಮ ಬೆಳ್ಳೂರು ಕ್ರಾಸ್ ಕಡೆ ಬಿ.ಜಿ. ನಗರಕ್ಕೂ ಸ್ಟೇಷನ್ ಬಂತು. ಕಂಬಿ ಬಂತು, ಗಾಡಿ ಬಂತು. ಯಾವ ಗಾಡಿಗೆ ಎಷ್ಟು ಕೊಡಬೇಕು ಅನ್ನೋದು ಮಾತ್ರ ಇವತ್ತಿಗೂ ನೆಟ್ಟಗೆ ತಿಳಿದಿಲ್ಲ. ತಿಳಿಯದೆ ಇರೋದಕ್ಕೆ ನಾವು ದಡ್ಡರು ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಾಕಿಲ್ಲ.

ಲೆಕ್ಕ ನೋಡಿ. ಇಪ್ಪತ್ತು ಕಿಲೋಮೀಟರ್ ಆಚೆ ಇರೋ ಊರಿಗೆ ಹೋಗ್ಬೇಕು ಅಂತ ಇಟ್ಕಳಿ. ಪ್ಯಾಸೆಂಜರ್ ಗಾಡಿಗೆ 10 ರೂಪಾಯಿ. ಎಕ್ಸ್‌ಪ್ರೆಸ್ಸಿಗೆ 30, ಯಾಕಂದ್ರೆ ಎಷ್ಟು ಹತ್ರ ಇಳುದ್ರೂ 50 ಕಿಲೋಮೀಟರಿನ ದುಡ್ಡು ಕಟ್ಲೇಬೇಕು. ಸೂಪರ್‌ಫಾಸ್ಟ್ ಆದ್ರೆ ಅದರ ಮೇಲೆ ಇನ್ನೂ 15, ಒಟ್ಟು 45. ಕಂಬಿ ಅದೇ, ದೂರ ಅದೇ, ಜನರಲ್ ಬೋಗಿಲಿ ನಿಂತ್ಕಂಡು ಹೋಗೋದೂ ಅದೇ. ಸೂಪರ್‌ಫಾಸ್ಟ್ ಅಂತ ಕಂಡುಹಿಡಿಯೋದು ಹೆಂಗೆ? ಗಾಡಿ ನಂಬರು 12, 20, 22 ಅಂತ ಶುರುವಾದ್ರೆ ಸೂಪರ್‌ಫಾಸ್ಟ್. ನಮ್ಮ ಲೈನಲ್ಲಿ ಓಡಾಡೋ ಯಶವಂತಪುರ–ಹಾಸನ ಇಂಟರ್‌ಸಿಟಿ ನಂಬರು 22679. ಸೊಸೆ ಬಾಣಂತನಕ್ಕೆ ಗಂಟುಮೂಟೆ ಹೊತ್ಕಂಡು ಹೊರಟ ಹೆಂಗಸು ಈ ನಂಬರಿನ ಪಂಚಾಂಗ ನೋಡ್ಕಂಡು ಹತ್ತಬೇಕಾ?

ನಮ್ಮ ಚಿಕ್ಕತ್ತೆಗೆ ಆಗಿದ್ದು ಇದೇ. ಯಾವ ಸ್ಟೇಷನ್ ಅನ್ನೋದು ಬೇಡ ಬಿಡಿ. ಪ್ಯಾಸೆಂಜರಿಗೆ 10 ರೂಪಾಯಿ ಟಿಕೆಟ್ ತಗಂಡು ಕುಂತಿದ್ರು. ಗಾಡಿ ತಡ ಆಯ್ತು. ಅಷ್ಟರಲ್ಲಿ ಬೇರೆ ಗಾಡಿ ಬಂತು, ಅದೇ ದಿಕ್ಕಿಗೆ ಹೊಂಟಿತ್ತು, ಹತ್ತಿದ್ರು. ಮುಂದಿನ ಸ್ಟೇಷನ್ ಬರೋ ಹೊತ್ಗೆ ಟಿಸಿ ಬಂದು 250 ರೂಪಾಯಿ ದಂಡ ಹಾಕಿ, ಚಾರ್ಜು ಬೇರೆ ಇಸ್ಕಂಡ್ರು. ಟಿಕೆಟ್ ಇಲ್ದೆ ಕದ್ದು ಹತ್ತಿದವನಿಗೂ ಅದೇ 250, ಟಿಕೆಟ್ ಕೈಲಿ ಹಿಡ್ಕಂಡಿದ್ದ ಮುದುಕಿಗೂ ಅದೇ 250. ಇದ್ಯಾವ ನ್ಯಾಯ ಕಣ್ರವ್ವ?

ಕೊರೋನಾ ಕಾಲದ ಆಟನೂ ಮರೀಬಾರ್ದು. 2020ರಲ್ಲಿ ನಿಂತ ಪ್ಯಾಸೆಂಜರ್ ಗಾಡಿಗಳು ವಾಪಸ್ ಬಂದಾಗ ನಂಬರಿನ ಮುಂದೆ ಸೊನ್ನೆ ಹಾಕಿ ‘ಸ್ಪೆಷಲ್’ ಅಂದ್ರು. ಕಮ್ಮಿ ಅಂದ್ರೂ 30 ರೂಪಾಯಿ ಇಸ್ಕಂಡ್ರು. ಮತ್ತೆ 10 ರೂಪಾಯಿಗೆ ಇಳಿದಿದ್ದು 2024ರ ಫೆಬ್ರವರಿ ಕೊನೇಲಿ. ಅಲ್ಲೀವರ್ಗೂ ಬರೀ ಹೆಸರು ಬದಲಾದದ್ದಕ್ಕೆ ಮೂರು ಪಟ್ಟು ಕೊಟ್ಟಿದೀವಿ. 58 ದಾಟಿದ ಹೆಂಗಸರಿಗೆ ಅರ್ಧ ಚಾರ್ಜು ಅಂತ ಇತ್ತಲ್ಲ, ಅದನ್ನ 2020ರ ಮಾರ್ಚ್‌ನಲ್ಲಿ ತೆಗೆದೋರು ಆಮೇಲೆ ಅದರ ಸುದ್ದಿನೇ ಎತ್ತಲಿಲ್ಲ. ಕೊರೋನಾ ಹೋಯ್ತು, ಹೆಚ್ಚಿದ ಚಾರ್ಜು ಹೋಗ್ಲಿಲ್ಲ.

ಇನ್ನೂ ಐತೆ. 200 ಕಿಲೋಮೀಟರ್ ಒಳಗಿನ ಜನರಲ್ ಟಿಕೆಟ್ ತಗಂಡು ಮೂರು ಗಂಟೆ ಒಳಗೆ ಹೊರಡಬೇಕು, ಇಲ್ಲಾ ಆಮೇಲೆ ಬರೋ ಮೊದಲ್ನೇ ಗಾಡಿ ಹಿಡೀಬೇಕು. ಬೆಳಗ್ಗೆನೇ ತಗಂಡು ಸಂಜೆ ಹೋದ್ರಾಯ್ತು ಅನ್ನಂಗಿಲ್ಲ. ರಿಸರ್ವೇಷನ್ 120 ದಿನ ಮುಂಚೆ ಸಿಗ್ತಿದ್ದದ್ದು 2024ರ ನವೆಂಬರಿಂದ 60 ದಿನ ಆಯ್ತು. ತತ್ಕಾಲ್ ಎಸಿಗೆ ಹತ್ತು ಗಂಟೆಗೆ, ಸ್ಲೀಪರಿಗೆ ಹನ್ನೊಂದಕ್ಕೆ. ಮೊಬೈಲಲ್ಲಿ ತಗೋಬೇಕಾದ್ರೆ 2025ರ ಜುಲೈಯಿಂದ ಆಧಾರ್ ಜೋಡಿಸಿರ್ಬೇಕು. ಒಂದನ್ನ ಕಲಿಯೋ ಹೊತ್ಗೆ ಇನ್ನೊಂದು ಬಂದಿರ್ತದೆ.

ಇದಕ್ಕೆ ರೈಲ್ವೆಯೋರ ಉತ್ತರ ಒಂದೈತೆ. ನೂರು ರೂಪಾಯಿ ಖರ್ಚಾಗೋ ಪ್ರಯಾಣಕ್ಕೆ 54 ಮಾತ್ರ ಇಸ್ಕತೀವಿ, ಮಿಕ್ಕಿದ್ದು ನಾವೇ ಹೊರ್ತೀವಿ ಅಂತ ಸಚಿವರು ಸಂಸತ್ತಲ್ಲೇ ಹೇಳವ್ರೆ. ಇರ್ಬೋದು, ಬೇಡ ಅನ್ನಾಕಿಲ್ಲ. ಬಸ್ಸಿಗಿಂತ ರೈಲು ಅಗ್ಗ ಅನ್ನೋದೂ ನಿಜವೇ. ನಾನು ಬಿಟ್ಟಿ ಕೇಳ್ತಿಲ್ಲ. ಎಷ್ಟು ಕೊಡಬೇಕು ಅಂತ ಮುಂಚೆನೇ ಹೇಳಿ, ಕೊಡ್ತೀವಿ ಅಂತಿದೀನಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ನೋಡಿದ್ರಲ್ಲ, ಒಂದು ವಾರದಲ್ಲಿ ಓದು ಬರದ ಅಜ್ಜಿಗೂ ಗೊತ್ತಾಯ್ತು: ಆಧಾರ್ ತೋರ್ಸು, ಸಾದಾ ಬಸ್ ಹತ್ತು, ರಾಜಹಂಸ ಹತ್ತಬ್ಯಾಡ. ನಿಯಮ ನೇರವಾಗಿದ್ರೆ ನಾವು ಕಲೀತೀವಿ. ಕಲಿಯಾಕಾಗದಂಗೆ ನಿಯಮ ಮಾಡಿ, ಆಮೇಲೆ ದಂಡ ಹಾಕೋದು ತಪ್ಪು.

ಮಾಡಬೇಕಾದ್ದು ದೊಡ್ಡ ಕೆಲಸವೇನಲ್ಲ. ಪ್ರತಿ ಸ್ಟೇಷನ್ನಲ್ಲೂ ಕೌಂಟರ್ ಪಕ್ಕ ಕನ್ನಡದಲ್ಲಿ ಒಂದು ಬೋರ್ಡು ಹಾಕಲಿ: ಈ ಗಾಡಿಗೆ ಇಷ್ಟು, ಆ ಗಾಡಿಗೆ ಅಷ್ಟು. ಗಾಡಿ ಬರೋ ಮುಂಚೆ ಮೈಕಲ್ಲಿ “ಇದು ಸೂಪರ್‌ಫಾಸ್ಟ್, ಪ್ಯಾಸೆಂಜರ್ ಟಿಕೆಟ್ ನಡೆಯಲ್ಲ” ಅನ್ನಲಿ. ಟಿಕೆಟ್ ಇದ್ದು ಗಾಡಿ ತಪ್ಪಿ ಹತ್ತಿದೋರ ಹತ್ರ ವ್ಯತ್ಯಾಸದ ದುಡ್ಡು ಮಾತ್ರ ಇಸ್ಕೊಳ್ಳಲಿ. ವಯಸ್ಸಾದೋರ ಅರ್ಧ ಚಾರ್ಜು ವಾಪಸ್ ಕೊಡಲಿ.

ಅಲ್ಲೀವರ್ಗೂ ಎರಡು ಮಾತು ನೆನಪಲ್ಲಿ ಮಡಗಿ. ಎರಡೂ 1989ರ ರೈಲ್ವೆ ಕಾಯ್ದೇಲೇ ಇವೆ. ಸರಿಯಾದ ಟಿಕೆಟ್ ಇಲ್ದೆ ಹೋಗಲೇಬೇಕಾದ್ರೆ ಹತ್ತೋಕೆ ಮುಂಚೆ ಗಾರ್ಡ್ ಅಥವಾ ಟಿಸಿಗೆ ಹೇಳಿ ಒಪ್ಪಿಗೆ ಚೀಟಿ ಇಸ್ಕಳಿ. ಚೀಟಿ ಇದ್ರೆ ಚಾರ್ಜು ಕಟ್ಬೇಕು, ದಂಡ ಇಲ್ಲ. ಇನ್ನೊಂದು, ಗಂಡಸರು ಜೊತೇಲಿಲ್ಲದ ಹೆಂಗಸನ್ನ ಟಿಕೆಟ್ ಇಲ್ಲ ಅಂತ ಕಂಡಕಂಡಲ್ಲಿ ಇಳಿಸಂಗಿಲ್ಲ. ಹತ್ತಿದ ಸ್ಟೇಷನ್ನು, ಜಂಕ್ಷನ್, ಕೊನೇ ಸ್ಟೇಷನ್ ಇಲ್ಲಾ ಜಿಲ್ಲಾ ಕೇಂದ್ರದಲ್ಲೇ ಇಳಿಸಬೇಕು, ಅದೂ ಹಗಲೊತ್ತಲ್ಲೇ. ಪಾಂಡವಪುರ, ಅಕ್ಕಿಹೆಬ್ಬಾಳು ಕಡೆಯ ನೆಂಟರಿಗೂ ಇದನ್ನ ಹೇಳಿ. ದಂಡದ ಚೀಟಿ ಹರಿಯೋ ಮುಂಚೆ ಬಾಯಿ ಬಿಟ್ಟು ಕೇಳಿ, ಯಾವ ನಿಯಮ ಸ್ವಾಮಿ, ಎಲ್ಲಿ ಬರ್ದಿದೀರ ತೋರ್ಸಿ ಅಂತ.