ಬಾಲಕರ ಕೈಗೆ ಲಾಠಿ ಬೇಡ

ಹದಿಹರೆಯದ ಮಕ್ಕಳಿಗೆ ಪೋಲೀಸರ ಕಾರ್ಯವನ್ನೂ ಸಮಾಜಸೇವೆಯನ್ನೂ ಪರಿಚಯಿಸುವ ಯೋಜನೆಗಳು ನಮ್ಮ ದೇಶದಲ್ಲಿ ಬೇರೂರುತ್ತಿವೆ. ಕೇರಳವು 2010ರಲ್ಲಿ ಆರಂಭಿಸಿದ ವಿದ್ಯಾರ್ಥಿ ಪೋಲೀಸ್ ಕೆಡೆಟ್ ಯೋಜನೆಯೇ ಇವುಗಳಿಗೆ ಮೇಲ್ಪಂಕ್ತಿ. ಕೇಂದ್ರ ಸರಕಾರವು 2018ರ ಜುಲೈ 21ರಂದು ಗುರುಗ್ರಾಮದಲ್ಲಿ ಅದಕ್ಕೆ ರಾಷ್ಟ್ರವ್ಯಾಪ್ತಿಯನ್ನು ನೀಡಿತು. ಎಂಟು ಮತ್ತು ಒಂಬತ್ತನೆಯ ತರಗತಿಗಳ ವಿದ್ಯಾರ್ಥಿಗಳಲ್ಲಿ ಕಾನೂನಿನ ತಿಳಿವಳಿಕೆ, ರಸ್ತೆಯ ಶಿಸ್ತು, ಸೇವಾಭಾವಗಳನ್ನು ಬೆಳೆಸುವುದು ಅದರ ಉದ್ದೇಶ. ಚೆನ್ನೈಯಲ್ಲಿಯೂ ಪೋಲೀಸರ ಆಶ್ರಯದ ಬಾಲಕ ಬಾಲಕಿಯರ ಸಂಘಗಳು ಬಡ ಮಕ್ಕಳಿಗೆ ಆಟಪಾಠಗಳ ಅನುಕೂಲವನ್ನು ಒದಗಿಸುತ್ತ ಬಂದಿವೆ.

ಇವೆಲ್ಲ ಸ್ತುತ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ತಮಿಳುನಾಡು ಕಲಿತ ಕಹಿ ಪಾಠವೊಂದನ್ನು ಮರೆಯಲಾಗದು. ಪೋಲೀಸ್ ಅಧಿಕಾರಿ ಪ್ರತೀಪ್ ಫಿಲಿಪ್ ಅವರು 1993ರಲ್ಲಿ ರಾಮನಾಥಪುರದಲ್ಲಿ ‘ಫ್ರೆಂಡ್ಸ್ ಆಫ್ ಪೋಲೀಸ್’ ಎಂಬ ಸ್ವಯಂಸೇವಕರ ಪಡೆಯನ್ನು ಕಟ್ಟಿದರು. ಪೋಲೀಸರೂ ಪ್ರಜೆಗಳೂ ಹತ್ತಿರವಾಗಲೆಂಬುದೇ ಅದರ ಆಶಯ. 2020ರ ಜೂನಿನಲ್ಲಿ ಸಾತಾನ್‌ಕುಳಂನಲ್ಲಿ ಪೋಲೀಸರು ಹಿಡಿದೊಯ್ದ ತಂದೆ ಮಗ ಇಬ್ಬರೂ ಬಂಧನದಲ್ಲಿರುವಾಗಲೇ ಮೃತರಾದರು. ಠಾಣೆಯೊಳಗಿನ ಹಿಂಸೆಯಲ್ಲಿ ಸ್ವಯಂಸೇವಕರ ಕೈವಾಡವೂ ಇತ್ತೆಂಬ ಆರೋಪ ಕೇಳಿಬಂದಿತು. ಸಂಘಟನೆಯವರು ಅದನ್ನು ಅಲ್ಲಗಳೆದರು. ಜುಲೈಯಲ್ಲಿ ಸರಕಾರವು ಆ ಪಡೆಯನ್ನೇ ನಿಷೇಧಿಸಿತು.

ಆರೋಪದ ಸತ್ಯಾಸತ್ಯತೆ ಏನೇ ಇರಲಿ, ಜನರು ಅದನ್ನು ಸುಲಭವಾಗಿ ನಂಬಿದುದೇಕೆ? ಪೇದೆಯು ತಪ್ಪಿದರೆ ಮೇಲಧಿಕಾರಿಯುಂಟು, ಇಲಾಖೆಯ ವಿಚಾರಣೆಯುಂಟು. ಪೇದೆಯೊಡನೆ ಗಸ್ತು ತಿರುಗುವ ಸ್ವಯಂಸೇವಕನಿಗೆ ಅಧಿಕಾರದ ನೆರಳುಂಟು, ಹೊಣೆಯ ಭಾರವಿಲ್ಲ. ಪ್ರಾಯದವರಲ್ಲಿಯೇ ಅಪಾಯಕರವಾದ ಈ ಸ್ಥಿತಿಗೆ ಮಕ್ಕಳನ್ನು ಎಂದಿಗೂ ಒಡ್ಡಬಾರದು.

ಈ ನಗರದ ಕನ್ನಡಿಗರಿಗೆ ಇದು ದೂರದ ಪ್ರಶ್ನೆಯಲ್ಲ. ತಮಿಳು ಓದಲು ಬಾರದ ತಾಯಿಗೆ ಠಾಣೆಯ ಮೆಟ್ಟಿಲೆಂದರೆ ಅಂಜಿಕೆ. ಶಾಲೆಯಲ್ಲಿ ತಮಿಳು ಕಲಿತ ಮಗಳು ಆಕೆಯ ದೂರನ್ನು ಓದಿ ಹೇಳಬಲ್ಲಳು. ದೂರಿತ್ತವರಿಗೆ ಪ್ರಥಮ ವರ್ತಮಾನ ವರದಿಯ ಪ್ರತಿಯು ಉಚಿತವಾಗಿ ದೊರೆಯಬೇಕೆಂಬ ಕಾನೂನನ್ನೂ ಅರಿತಿದ್ದರೆ ತಾಯಿಯ ಧೈರ್ಯ ಇಮ್ಮಡಿಸುವುದು. ನಮ್ಮ ಮಕ್ಕಳಿಗೆ ಬೇಕಾದ ಪೋಲೀಸ್ ಶಿಕ್ಷಣವು ಇಂತಹದು.

ಆದುದರಿಂದ ಇಂತಹ ಯೋಜನೆಗಳ ಪಾಠಪಟ್ಟಿಯಲ್ಲಿ ಕವಾಯತಿನಷ್ಟೇ ಸ್ಥಾನ ಪ್ರಜೆಯ ಹಕ್ಕುಗಳಿಗೂ ಇರಬೇಕು. ಗಸ್ತು, ತಪಾಸಣೆ, ವಿಚಾರಣೆಗಳಿಂದ ವಿದ್ಯಾರ್ಥಿಗಳನ್ನು ಸಂಪೂರ್ಣವಾಗಿ ದೂರವಿಡಬೇಕು. ಅಧಿಕಾರಿಗಳು ಈ ಎರಡು ಭರವಸೆಗಳನ್ನು ಲಿಖಿತವಾಗಿ ಕೊಡಲಿ. ನಮ್ಮ ತಂದೆತಾಯಂದಿರು ತಮ್ಮ ಮಕ್ಕಳನ್ನು ಸಂತೋಷದಿಂದ ಕಳುಹಿಸಿಕೊಡಲಿ.