ಹೆಸರು ಹೇಳದೆ ಹಾಡಿದೆ

ಹೋದ ನವೆಂಬರ್‌ನಲ್ಲಿ ಆಫೀಸಿನ ರಾಜ್ಯೋತ್ಸವಕ್ಕೆ ‘ನಿತ್ಯೋತ್ಸವ’ ಹಾಡಿದೆ. ಯೂಟ್ಯೂಬ್‌ನ ಒಂದು ಗಿಟಾರ್ ಕವರ್ ಕೇಳಿ ಕಲಿತದ್ದು. ಸ್ಟೇಜ್ ಇಳಿದಾಗ ಲಕ್ನೋದ ಟೀಮ್‌ಮೇಟ್ ಕೇಳಿದ, ‘ಯಾರು ಬರೆದಿದ್ದು?’ ‘ಹಳೇ ಹಾಡು’ ಅಂದುಬಿಟ್ಟೆ!

ನಾನಿರೋದು ಬನಶಂಕರಿ. ಬರೆದ ಕೆ.ಎಸ್. ನಿಸಾರ್ ಅಹಮದ್ ಇದ್ದದ್ದು ಪಕ್ಕದ ಪದ್ಮನಾಭನಗರದಲ್ಲಿ. ಭೂವಿಜ್ಞಾನದ ಮೇಷ್ಟ್ರು. 2020ರ ಮೇ 3ರಂದು, ಲಾಕ್‌ಡೌನ್ ನಡುವೆ ತೀರಿಕೊಂಡರು. 1978ರಲ್ಲಿ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಕ್ಯಾಸೆಟ್ಟಿನಿಂದ ಮನೆಮನೆಗೆ ಹೋದ ಹಾಡು ಇದು. ಈಗ ಕೊಳಲು, ವಯಲಿನ್, ಶಾಲೆ ಮಕ್ಕಳ ಕೋರಸ್, ಎಷ್ಟೊಂದು ಕವರ್! ಅವಿಲ್ಲದಿದ್ದರೆ ನನಗಿದು ಸಿಗುತ್ತಲೇ ಇರಲಿಲ್ಲ, ನಿಜ. ಆದರೆ ನಾನು ಕಲಿತ ವಿಡಿಯೊದಲ್ಲಿ ಕ್ಯಾಮೆರಾ ಹಿಡಿದವರ ಹೆಸರೂ ಇತ್ತು, ಕವಿಯದು ಇರಲಿಲ್ಲ. ಬೇರೆಯವರ ಕೋಡ್ ಎತ್ತಿಕೊಂಡಾಗ ಹೆಸರು ಅಳಿಸದ ನಾನೂ ಹುಡುಕಲಿಲ್ಲ.

ಮೊನ್ನೆ ಗೆಳೆಯನಿಗೆ ಹೆಸರು ಮೆಸೇಜ್ ಮಾಡಿದೆ. ‘ನಾಳೆ ಅರ್ಥ ಹೇಳು’ ಅಂದಿದ್ದಾನೆ.