ಡಾಲ್ಫಿನ್ ಕಾಣದಿದ್ದರೆ ಹಣ ವಾಪಸ್!

ಕಳೆದ ಚಳಿಗಾಲದಲ್ಲಿ ಕಾರವಾರದ ಕಡೆಯ ಒಂದು ದೋಣಿಕಟ್ಟೆಯಲ್ಲಿ ಈ ಮಾತನ್ನು ಹಲಗೆಯೊಂದರ ಮೇಲೆ ಓದಿದೆ. ಓದಿ ಸಂತೋಷವನ್ನೇ ಪಟ್ಟೆ. ಮೊಮ್ಮಗನಿಗೆ ಕಡಲಿನ ಜೀವಿಗಳನ್ನು ತೋರಿಸುವ ಆಸೆಯಿಂದ ಚೀಟಿಯನ್ನೂ ಕೊಂಡೆ. ಆದ್ದರಿಂದ ಮುಂದೆ ನಾನು ಆಡಲಿರುವ ಕಠಿಣ ಮಾತುಗಳಲ್ಲಿ ಮೊದಲ ಪಾಲು ನನಗೇ ಸಲ್ಲತಕ್ಕದ್ದು.

ದೋಣಿ ಕೂರ್ಮಗಡದ ದಿಕ್ಕಿಗೆ ಹೊರಟಿತು. ಕಾಳಿ ನದಿ ಕಡಲನ್ನು ಕೂಡುವ ಅಳಿವೆಯ ಹೊರಗೆ, ಹೆಸರಿಗೆ ತಕ್ಕಂತೆ ಆಮೆಯ ಹಾಗೆ ಬೆನ್ನುಬ್ಬಿಸಿ ಮಲಗಿರುವ ದ್ವೀಪವದು. ಅರ್ಧ ದಾರಿಯಲ್ಲಿ ಬೂದುಬಣ್ಣದ ಬೆನ್ನೊಂದು ನೀರಿನಿಂದ ಮೇಲೆದ್ದಿತು. ಅದರ ಮಗ್ಗುಲಲ್ಲಿಯೇ ಚಿಕ್ಕದೊಂದು. ತಾಯಿ ಮತ್ತು ಮರಿ. ಚಾಲಕನು ಎಂಜಿನ್ನಿನ ವೇಗ ಹೆಚ್ಚಿಸಿ ನೇರ ಅವುಗಳತ್ತ ದೋಣಿ ತಿರುಗಿಸಿದ. ಮೊಬೈಲಿನಲ್ಲಿ ಉಳಿದವರಿಗೂ ಸುದ್ದಿ ಮುಟ್ಟಿಸಿದ. ಐದು ನಿಮಿಷಗಳಲ್ಲಿ ನಾಲ್ಕು ದೋಣಿಗಳು ಸುತ್ತುವರಿದವು. ಅವು ಎದ್ದಲ್ಲಿಗೆ ನಾವು ಧಾವಿಸುವುದು, ನಾವು ಬಂದೊಡನೆ ಅವು ಮುಳುಗುವುದು. ಜನರ ಕೇಕೆ, ಸಿಳ್ಳೆ, ಫೋಟೋ. "ಅಜ್ಜಾ, ಅವು ನಮಗೆ ಹೆದರಿ ಓಡುತ್ತಿವೆಯಲ್ಲವೇ?" ಎಂದು ಮೊಮ್ಮಗ ಕೇಳಿದ. ಆಯುಷ್ಯವಿಡೀ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿಯೇ ಅನ್ನ ಉಂಡವನು ನಾನು. ಅಂದು ಸುಮ್ಮನಿದ್ದೆ.

ಇದೇ ದ್ವೀಪವನ್ನು ಎಪ್ಪತ್ತರ ದಶಕದಲ್ಲಿ, ಆ ಊರಿಗೆ ಮಾಸ್ತರನಾಗಿ ಹೋದ ಹೊಸತರಲ್ಲಿ, ಹಾಯಿದೋಣಿಯಲ್ಲಿ ಸುತ್ತಿದ್ದೆ. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಮೀನುಗಾರ, ಆತನದೇ ದೋಣಿ. ನಸುಕಿನಲ್ಲಿ ನೆಲದಿಂದ ಕಡಲಿಗೆ ಬೀಸುವ ಗಾಳಿ ನಮ್ಮನ್ನು ಹೊರಗೊಯ್ದಿತು. ಮಧ್ಯಾಹ್ನ ನೆಲ ಕಾದ ಮೇಲೆ ಕಡಲಿನಿಂದ ಬೀಸುವ ಗಾಳಿ ಮರಳಿ ತಂದಿತು. ಪಠ್ಯಪುಸ್ತಕದಲ್ಲಿ ನಾನು ಕಲಿಸುತ್ತಿದ್ದ ಪಾಠವನ್ನು ಆ ನಿರಕ್ಷರಿಯು ಹಾಯಿಯ ಹಗ್ಗ ಹಿಡಿದು ನನಗೆ ಕಲಿಸಿದ. ಎರಡು ಗಾಳಿಗಳ ನಡುವಣ ಹೊತ್ತಿನಲ್ಲಿ ಪಟ ಜೋತುಬಿದ್ದು ದೋಣಿ ಸುಮ್ಮನೆ ತೇಲುತ್ತಿತ್ತು. ಆಗ ಕೇಳಿತು, ಯಾರೋ ದೀರ್ಘವಾಗಿ ನಿಟ್ಟುಸಿರಿಟ್ಟಂತೆ ಒಂದು ಸದ್ದು. ಡಾಲ್ಫಿನ್ ಉಸಿರಾಡುವ ಸದ್ದು! ಐದಾರು ಇದ್ದವು. ನಮ್ಮನ್ನು ಲಕ್ಷ್ಯಕ್ಕೇ ತಾರದೆ ತಮ್ಮ ಪಾಡಿಗೆ ಮೀನು ಹಿಡಿಯುತ್ತಾ, ಅರ್ಧ ಗಂಟೆ ಅಲ್ಲಿಯೇ ಇದ್ದವು. ದ್ವೀಪದ ಪಡುವಣ ಬಂಡೆಗಳ ಮೇಲಿನಿಂದ ಬಿಳಿಹೊಟ್ಟೆಯ ಕಡಲಹದ್ದೊಂದು ಎರಗಿ ಮೀನನ್ನು ಎತ್ತಿಕೊಂಡು ಹೋಯಿತು. ಅಂದು ನಾವು ಯಾವುದನ್ನೂ ಹುಡುಕಿಕೊಂಡು ಹೋಗಿರಲಿಲ್ಲ.

ಇದನ್ನು ಮುದುಕನ ಹಳಹಳಿಕೆ ಎನ್ನುವವರಿದ್ದಾರೆ. ಅವರಿಗಾಗಿ ವಿಜ್ಞಾನವನ್ನೇ ಹೇಳುತ್ತೇನೆ. ನಮ್ಮ ಈ ತೀರದಲ್ಲಿ ಕಾಣುವುದು ಗೂನುಬೆನ್ನಿನ ಡಾಲ್ಫಿನ್. ಆಳಕಡಲು ಅದರದ್ದಲ್ಲ; ದಡಕ್ಕೆ ಹತ್ತಿರದ ತಗ್ಗು ನೀರು, ಅಳಿವೆಗಳ ಬಾಯಿ, ಇಷ್ಟೇ ಅದರ ಪ್ರಪಂಚ. ಓಡಿಸಿದರೆ ಹೋಗಲು ಬೇರೆ ಮನೆಯಿಲ್ಲ. ಕದಡಿದ ನೀರಿನಲ್ಲಿ ಅದು ಕಣ್ಣಿಗಿಂತ ಹೆಚ್ಚಾಗಿ ಕಿವಿಯನ್ನು ನಂಬಿದೆ. ತಾನೇ ಹೊರಡಿಸಿದ ಸದ್ದಿನ ಮಾರ್ದನಿಯಿಂದ ಮೀನು ಎಲ್ಲಿದೆ, ಬಂಡೆ ಎಲ್ಲಿದೆ ಎಂದು ಅರಿಯುತ್ತದೆ. ಮರಿಯನ್ನು ಸಿಳ್ಳಿನಿಂದ ಕರೆಯುತ್ತದೆ. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1500 ಮೀಟರು ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಅಂಥಲ್ಲಿ ನಾಲ್ಕು ಎಂಜಿನ್ನುಗಳು ಮೊರೆದರೆ ಆ ತಾಯಿಯ ಪಾಲಿಗೆ ಏನಾದೀತು? ಸಂತೆಯ ನೂಕುನುಗ್ಗಲಿನಲ್ಲಿ ನಿಮ್ಮ ಕಣ್ಣಿಗೆ ಬಟ್ಟೆ ಕಟ್ಟಿ ಮಗುವನ್ನು ಹುಡುಕೆಂದಂತೆ. ವರ್ಷದ ಹತ್ತಿರ ಗರ್ಭದಲ್ಲಿ ಹೊತ್ತು ಅದು ಹಡೆಯುವುದು ಒಂದೇ ಮರಿಯನ್ನು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಈ ಜೀವಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲಿಯೇ, ಡಾಲ್ಫಿನ್ ಇದೆ. ಆ ಕಾಯಿದೆಯಲ್ಲಿ 'ಬೇಟೆ' ಎಂಬ ಪದಕ್ಕೆ ಕೊಲ್ಲುವುದಷ್ಟೇ ಅರ್ಥವಲ್ಲ. ಬೆನ್ನಟ್ಟುವುದು, ಅಟ್ಟಿಕೊಂಡು ಹೋಗುವುದು ಕೂಡ ಅದರಲ್ಲಿ ಸೇರಿವೆ. ಕಾಡಿನಲ್ಲಿ ನಾಲ್ಕು ಜೀಪುಗಳು ಹುಲಿಯನ್ನೂ ಮರಿಯನ್ನೂ ಹೀಗೆ ಅಟ್ಟಿದರೆ ಪತ್ರಿಕೆಗಳಲ್ಲಿ ಗದ್ದಲವಾದೀತು. ಕಡಲಿನಲ್ಲಿ ಅದಕ್ಕೆ ಚೀಟಿ ಮಾರುತ್ತೇವೆ!

ದೋಣಿಯವರ ಹೊಟ್ಟೆಪಾಡು ಏನಾಗಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ನನ್ನ ಶಿಷ್ಯರಲ್ಲಿಯೇ ಆ ಕಸುಬಿನವರಿದ್ದಾರೆ. ಅವರನ್ನು ದಂಡಿಸಬೇಕೆಂದು ನಾನು ಹೇಳುವುದಿಲ್ಲ. 'ಕಾಣದಿದ್ದರೆ ಹಣ ವಾಪಸ್' ಎಂದು ಬರೆಸಿದವರು ಪ್ರವಾಸಿಗಳಾದ ನಾವು. ಹಣ ಮರಳಿಸಬೇಕಾದವನು ಅಟ್ಟದೆ ಮತ್ತೇನು ಮಾಡಿಯಾನು? ಡಾಲ್ಫಿನ್ನನ್ನು ಮಾರುವ ಬದಲು ಅವರು ಕಡಲಯಾನವನ್ನು ಮಾರಲಿ. ಹಾಯಿ ಬಿಚ್ಚಿ ಕೂರ್ಮಗಡವನ್ನು ಸುತ್ತಿಸಲಿ. ದೇವಗಡದ 1864ರ ದೀಪಸ್ತಂಭವನ್ನು ದೂರದಿಂದ ತೋರಿಸಲಿ. ತರುಣ ರವೀಂದ್ರನಾಥ ಠಾಕೂರರು 1880ರ ದಶಕದ ಆರಂಭದಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದಾಗ, ಬೆಳದಿಂಗಳಿನಲ್ಲಿ ಕಾಳಿ ನದಿಯ ಮೇಲೆ ವಿಹರಿಸಿದ್ದು ಚಿಕ್ಕದೊಂದು ಹಾಯಿದೋಣಿಯಲ್ಲಿಯೇ. ಆ ಕಥೆಯನ್ನೂ ಹೇಳಲಿ. ಅದಕ್ಕೆ ಇಮ್ಮಡಿ ಹಣ ಕೊಡುವವರು ಸಿಕ್ಕಾರು.

ಹಾಯಿದೋಣಿ ಅಪಾಯಕರ ಎನ್ನುವಿರಾ? 2019ರ ಜನವರಿಯಲ್ಲಿ ಇದೇ ಕೂರ್ಮಗಡದ ನರಸಿಂಹ ಜಾತ್ರೆಗೆ ಹೋಗಿ ಮರಳುತ್ತಿದ್ದ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜೀವಗಳು ಹೋದವು. ಅದು ಹಾಯಿಯ ದೋಣಿಯಾಗಿರಲಿಲ್ಲ. ತೇಲುಕವಚ, ಜನಸಂಖ್ಯೆಯ ಮಿತಿ, ಗಾಳಿ ಬಲ್ಲ ತಾಂಡೇಲ, ಇವು ಯಾವ ದೋಣಿಗಾದರೂ ಬೇಕು. ಆಪತ್ತಿಗೆಂದು ಎಂಜಿನ್ ಇರಲಿ. ಡಾಲ್ಫಿನ್ ಕಂಡೊಡನೆ ಅದು ಮೌನವಾಗಲಿ.

ಮೊಮ್ಮಗ ಮತ್ತೊಮ್ಮೆ ಹೋಗೋಣವೆಂದು ಪೀಡಿಸುತ್ತಿದ್ದಾನೆ. ಹೋಗುತ್ತೇವೆ. ಈ ಬಾರಿ ಚೀಟಿ ಕೊಳ್ಳುವ ಮುನ್ನ, "ಡಾಲ್ಫಿನ್ ಕಂಡರೆ ಎಂಜಿನ್ ನಿಲ್ಲಿಸುತ್ತೀರಾ?" ಎಂದು ಕೇಳುವವನಿದ್ದೇನೆ. ಇಲ್ಲವೆಂದರೆ ದಡದಲ್ಲಿಯೇ ಕುಳಿತು ಕಡಲು ನೋಡುತ್ತೇವೆ. ಓದುಗ ಮಿತ್ರರೇ, ಆ ಕಡೆ ಹೋದಾಗ ನೀವೂ ಇದೊಂದು ಪ್ರಶ್ನೆಯನ್ನು ಕೇಳಿ. ಹತ್ತು ಜನ ಕೇಳಿದರೆ ಆ ಹಲಗೆಯ ಬರಹ ತಾನಾಗಿ ಬದಲಾದೀತು.